ಓಗೊಡದ ಕರೆ

ಮೊಬೈಲಿನೊಳಗಿನ ಸಲಹೆಗಾರ ಯಂತ್ರದ ಜೊತೆ ಎರಡು ಸಲ ಮಾತಾಡಿ ನೋಡಿದ ಮೇಲೆ ಅನಸೂಯಳಿಗೆ ಇದು ತನಗೆ ಒಗ್ಗುವುದಿಲ್ಲ ಎನ್ನಿಸಿತು. ಯಂತ್ರ ಮೃದುವಾಗಿಯೇ ಮಾತಾಡುತ್ತಿತ್ತು. ಹೆಸರು ಹಿಡಿದು ಕರೆಯುತ್ತಿತ್ತು, ಅವಳು ಸುಮ್ಮನಾದರೆ ತಾನೂ ಸುಮ್ಮನಾಗುತ್ತಿತ್ತು. ಆದರೆ ಮೈಯಿಲ್ಲದ ಒಂದು ದನಿಯಿಂದ ಬಳಲಿ ಹೋದವಳಿಗೆ ಮೈಯಿಲ್ಲದ ಇನ್ನೊಂದು ದನಿ ಹೇಗೆ ಮದ್ದಾದೀತು? ಎದುರಿಗೆ ಕೂತು, ಮುಖ ನೋಡಿ, ಏನಾಯಿತಮ್ಮ ಎಂದು ಕೇಳುವ ಮನುಷ್ಯರು ಅವಳಿಗೆ ಬೇಕಾಗಿದ್ದರು.

ಅಂಥವರು ಆ ಕಾಲಕ್ಕೆ ಅಪರೂಪವಾಗಿದ್ದರು. ಯಂತ್ರಗಳು ಬಂದ ಮೇಲೆ ಮನಃಶಾಸ್ತ್ರಜ್ಞರೆಲ್ಲ ದೊಡ್ಡ ಊರುಗಳ ದೊಡ್ಡ ಆಸ್ಪತ್ರೆ ಸೇರಿಕೊಂಡಿದ್ದರು. ಉಳಿದವರಲ್ಲಿ ವಿಮಾ ಕಾರ್ಡು ಒಪ್ಪಿಕೊಳ್ಳುವವರು ಇನ್ನೂ ಕಡಿಮೆ. ಅನಸೂಯ ಗಂಡನ ಬೇಕರಿಯ ಹಿಂದಿನ ಕೋಣೆಯಲ್ಲಿ, ಮೈದಾ ಮೂಟೆಯ ಮೇಲೆ ಕೂತು, ಒಂದೊಂದೇ ನಂಬರಿಗೆ ಫೋನು ಹಚ್ಚಿದಳು.

ದಾವಣಗೆರೆಯ ಹೆಂಗಸೊಬ್ಬಳು, "ಹೋದ ವರ್ಷದ ತನಕ ಆ ಕಾರ್ಡು ನಡೀತಿತ್ತು ರೀ, ಈಗ ನಿಲ್ಲಿಸೀವಿ" ಎಂದಳು. ತುಮಕೂರಿನವರು ಮಾತು ಪೂರ್ತಿ ಕೇಳುವ ಮೊದಲೇ ಯಂತ್ರಕ್ಕೆ ದಾಟಿಸಿಬಿಟ್ಟರು. ಕೊನೆಗೆ ಚಿತ್ರದುರ್ಗದಲ್ಲೇ, ಹೊಳಲ್ಕೆರೆ ರಸ್ತೆಯ ಮೆಡಿಕಲ್ ಸ್ಟೋರಿನ ಮಹಡಿಯಲ್ಲಿ ಒಬ್ಬರಿದ್ದಾರೆಂದು ತಿಳಿಯಿತು. ಫೋನನ್ನು ಅವರೇ ಎತ್ತಿಕೊಂಡರು.

"ನಸೀಮಾ ಬಾನು ಮಾತಾಡೋದು. ಹೇಳಮ್ಮ."

"ಮೇಡಂ, ಗಾಳಿಯಂತ್ರದ ಕಂಪನಿಯವರು ಕೆಲಸದೋರಿಗೆ ಕೊಟ್ಟಿರೋ ವಿಮೆ ಕಾರ್ಡು ನಿಮ್ಮಲ್ಲಿ ನಡೀತೈತಾ?"

"ನಡೀತದೆ. ಆದ್ರೆ ಏನು ತೊಂದರೆ ಅನ್ನೋದರ ಮೇಲೆ ಅವರು ಒಪ್ಪಿಗೆ ಕೊಡ್ತಾರೆ. ಏನಾಗ್ತಿದೆ ನಿಮಗೆ?"

ಅನಸೂಯ ಅಂಗಡಿಯ ಕಡೆ ನೋಡಿದಳು. ಜಯಣ್ಣ ಗಿರಾಕಿಯೊಬ್ಬರಿಗೆ ಬನ್ನು ಕಟ್ಟಿಕೊಡುತ್ತಿದ್ದ. ಅವಳು ದನಿ ತಗ್ಗಿಸಿದಳು. "ಸತ್ತೋದೋನು ಕರೀತಾನೆ ಮೇಡಂ."

ಆ ಕಡೆ ಪುಟ ಮಗುಚಿದ ಸದ್ದಾಯಿತು. ಆಮೇಲೆ ನಸೀಮಾ ಬಾನು, "ನಾಳೆ ಬನ್ನಿ" ಎಂದರು.

ಸತ್ತವನ ಹೆಸರು ಓಬಳೇಶ. ಕುದುರೆಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುತ್ತಿದ್ದವನು. ಅನಸೂಯ ಗುಡ್ಡದ ಬುಡದ ಕಂಟ್ರೋಲ್ ರೂಮಿನಲ್ಲಿ ಕೂತು, ಯಾವ ಯಂತ್ರ ತಿರುಗಬೇಕು, ಯಾವುದು ನಿಲ್ಲಬೇಕು ಎಂದು ನೋಡಿಕೊಳ್ಳುವವಳು. ಆಳು ಮೇಲೆ ಹತ್ತುವ ಮೊದಲು ಅವಳು ರೆಕ್ಕೆಗಳಿಗೆ ಬ್ರೇಕು ಹಾಕಬೇಕು. ಅವನು ಇಳಿದ ಮೇಲೆ ಬಿಡಬೇಕು. ಹಿಂದೆ ಬಿಡುವ ಮುಂಚೆ, "ಇಳಿದ್ಯಾ?" ಎಂದು ಬಾಯಿಬಿಟ್ಟು ಕೇಳುವ ಪದ್ಧತಿ ಇತ್ತು. ಅದರಿಂದ ಹೊತ್ತು ಹಾಳೆಂದು ಕಂಪನಿ ಅದನ್ನು ತೆಗೆದುಹಾಕಿತು. ಆಳು ಇಳಿದು ಗುಂಡಿ ಒತ್ತಿದಾಗ ಪರದೆಯ ಮೇಲಿನ ದೀಪ ತಾನೇ ಹಸಿರಾಗುತ್ತದೆ, ಅಷ್ಟು ಸಾಕು ಎಂದರು.

ಆ ದಿನ ದೀಪ ಹಸಿರಾಗಿತ್ತು. ಅವಳು ಬ್ರೇಕು ಬಿಟ್ಟಳು. ಜೊತೆಗೆ ಹತ್ತಿದ್ದವನು ಇಳಿದಿದ್ದ, ಓಬಳೇಶ ಇನ್ನೂ ತುದಿಯ ಯಂತ್ರಕೋಣೆಯಲ್ಲೇ ಇದ್ದ. ತಿರುಗತೊಡಗಿದ ಅಚ್ಚಿಗೆ ಅವನ ಸೊಂಟದ ಹಗ್ಗ ಸಿಕ್ಕಿಕೊಂಡಿತು.

ವಿಚಾರಣೆಯಾಯಿತು. ಇಳಿಯದೆಯೇ 'ಇಳಿದೆ' ಎಂಬ ಗುಂಡಿಯನ್ನು ಅವನೇ ಒತ್ತಿದ್ದಾನೆ, ಮೇಲಿಂದ ಒಂದು ಕರೆಯನ್ನೂ ಮಾಡಿಲ್ಲ, ತಪ್ಪು ಅವನದೇ ಎಂದು ಕಂಪನಿ ತೀರ್ಮಾನಿಸಿತು. ಅನಸೂಯಳ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಓಬಳೇಶನ ಹೆಂಡತಿ ಪುಷ್ಪಾವತಿ ಮಾತ್ರ ಮಣ್ಣಿನ ದಿನ ಅವಳ ಹತ್ತಿರ ಬಂದು, "ಬಿಟ್ಟಾಕೆ ನೀನೇ ಅಲ್ವಾ?" ಎಂದು ಕೇಳಿ ಹೋಗಿದ್ದಳು.

ಎರಡು ತಿಂಗಳು ಏನೂ ಇರಲಿಲ್ಲ. ಆ ಯಂತ್ರವನ್ನು ಮತ್ತೆ ಚಾಲೂ ಮಾಡಿದ ವಾರದಲ್ಲಿ ಅವಳು ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಮೊದಲ ಸಲ ಕೇಳಿತು. ಪಿಸುಮಾತಿನಷ್ಟು ಸಣ್ಣಗೆ, ಕಿವಿಯ ಹಿಂದೆಯೇ ನಿಂತು ಹೇಳಿದ ಹಾಗೆ: "ಅಕ್ಕಾ, ನಾನಿನ್ನೂ ಮೇಲೇ ಅದೀನಿ. ಬಿಡಬ್ಯಾಡ."

ಅವಳ ಕೈಯಿಂದ ಚೊಂಬು ಬಿತ್ತು. ಅಲ್ಲಿಂದೀಚೆಗೆ ಅದು ಬೇಕರಿಯಲ್ಲಿ ಬಂತು, ಬಸ್ಸಿನಲ್ಲಿ ಬಂತು, ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಬಂತು. ಅದೇ ಮಾತು, ಅದೇ ಏರಿಳಿತ. ಕೇಳಿದಾಗೆಲ್ಲ ಅವಳು ಹಲ್ಲು ಕಚ್ಚಿ ಕೂರುತ್ತಿದ್ದಳು. ಸತ್ತವರು ಕರೆದರೆ ಓ ಎನ್ನಬಾರದು ಎಂದು ಅವಳ ಅಜ್ಜಿ ಹೇಳುತ್ತಿದ್ದಳು.

ಜಯಣ್ಣನಿಗೆ ಹೇಳಿದಾಗ ಅವನು ನಗಲಿಲ್ಲ. "ನಿನ್ನ ಮನಸು ನೊಂದೈತೆ ಅನ್ಸೂಯ. ಯಾರಿಗಾದ್ರೂ ತೋರಿಸಾನ" ಎಂದ. ಅವನು ಹಾಗೆ ಹೇಳಿದ್ದಕ್ಕೇ ಅವಳು ಅವತ್ತು ಅತ್ತಿದ್ದು.

ನಸೀಮಾ ಬಾನು ಐವತ್ತು ದಾಟಿದ ಹೆಂಗಸು. ಕೋಣೆಯಲ್ಲಿ ಎರಡು ಕುರ್ಚಿ, ಒಂದು ಫ್ಯಾನು, ಕಿಟಕಿಯಾಚೆ ಕೋಟೆಯ ಬಂಡೆಗಳು. ಅವರು ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಹಣೆಗೆ ಕಟ್ಟುವ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟರು.

"ದನಿ ಕೇಳಿಸ್ತದೆ ಅನ್ನೋರಿಗೆಲ್ಲ ವಿಮೆಯವರು ಇದನ್ನ ಕಟ್ಟಿಸ್ತಾರೆ. ಸುಳ್ಳು ಹೇಳಿ ರಜೆ ತಗೊಳ್ಳೋರು ಇರ್ತಾರಂತೆ, ಅದಕ್ಕೆ."

"ಇದು ಏನು ನೋಡ್ತೈತೆ ಮೇಡಂ?"

"ನೋಡಮ್ಮ, ಹೊರಗಿನ ಸದ್ದು ಕಿವಿಯಿಂದ ಮಿದುಳಿಗೆ ಹತ್ತೋವಾಗ ಮಿದುಳಿನ ಬುಡದಲ್ಲಿ ಒಂದು ಸಣ್ಣ ಅಲೆ ಏಳ್ತದೆ. ಬಂದೋರು ಬಾಗಿಲು ತಟ್ಟಿದ ಹಾಗೆ. ಮನಸ್ಸೇ ಹುಟ್ಟಿಸಿದ ದನಿ ಮನೆಯೊಳಗೇ ಹುಟ್ಟಿದ್ದು. ಅದು ಬಾಗಿಲು ತಟ್ಟಲ್ಲ. ಬುಡದಲ್ಲಿ ಅಲೆ ಇಲ್ಲದೆ ಮೇಲೆ ಮಾತ್ರ ಎದ್ದರೆ ಕಾಯಿಲೆ ಅಂತ ಒಪ್ಪಿಕೊಳ್ತಾರೆ. ಆಮೇಲೆ ಎಷ್ಟು ಸಲ ಬಂದ್ರೂ ಕಾರ್ಡು ನಡೀತದೆ."

ಅನಸೂಯ ಪಟ್ಟಿಯನ್ನು ತಲೆಯ ಮೇಲಿನ ಸೆರಗಿನ ಒಳಗೆ ಮುಚ್ಚಿಕೊಂಡು ಒಂದು ವಾರ ಓಡಾಡಿದಳು. ಕೆಲಸದ ಹೊತ್ತಿನಲ್ಲೂ ಬಿಚ್ಚಲಿಲ್ಲ. ಆ ವಾರ ಗಾಳಿ ಜೋರಿತ್ತು. ಓಬಳೇಶ ದಿನಾ ಕರೆದ.

ವಿಮೆಯ ಕಚೇರಿಯಿಂದ ಫೋನು ಬಂದಾಗ ಅವಳು ಕಂಟ್ರೋಲ್ ರೂಮಿನಲ್ಲಿ ಪರದೆಯ ಮುಂದಿದ್ದಳು. ಸಾಲು ಯಂತ್ರಗಳ ಹಸಿರು ಚುಕ್ಕೆಗಳು ಮಿನುಗುತ್ತಿದ್ದವು.

"ಮೇಡಂ, ನಿಮ್ಮ ಅರ್ಜಿಗೆ ಒಪ್ಪಿಗೆ ಸಿಕ್ಕಿಲ್ಲ" ಎಂದಳು ಆ ಕಡೆಯ ಹುಡುಗಿ.

"ಯಾಕಮ್ಮ?"

"ನಿಮಗೆ ಕಾಯಿಲೆ ಇಲ್ಲ ಅಂತ ಬಂದಿದೆ. ನಿಮಗೆ ಕೇಳಿಸಿರೋದು ಹೊರಗಿನ ಸದ್ದು."

ಅನಸೂಯಳಿಗೆ ಅರ್ಥವಾಗಲಿಲ್ಲ. "ಸತ್ತೋದೋನ ದನಿ ಹೊರಗಿಂದ ಹೆಂಗಮ್ಮ ಬತ್ತೈತೆ?"

"ಅದು ನಮ್ಮ ವಿಭಾಗಕ್ಕೆ ಬರಲ್ಲ ಮೇಡಂ. ಬೇರೇನಾದ್ರೂ ಸಹಾಯ ಬೇಕಿತ್ತಾ?"

ಅವಳು ಫೋನು ಕೆಳಗಿಟ್ಟಳು. ಇಷ್ಟು ದಿನ ಅವಳು ತನ್ನ ತಲೆ ಕೆಟ್ಟಿದೆ ಎಂದು ಅಂಜುತ್ತಿದ್ದಳು. ತಲೆ ಸರಿಯಾಗಿದೆ ಎಂಬ ಮಾತು ಅದಕ್ಕಿಂತ ಭಯಂಕರವಾಗಿತ್ತು. ಪಕ್ಕದಲ್ಲಿ ಕೂತ ಸಹೋದ್ಯೋಗಿ ಕಡಲೆಬೀಜ ಬಾಯಿಗೆ ಹಾಕಿಕೊಳ್ಳುತ್ತ ಪರದೆ ನೋಡುತ್ತಿದ್ದ. ಆ ವಾರವೆಲ್ಲ ಪಕ್ಕದಲ್ಲೇ ಇದ್ದರೂ ಅವನಿಗೆ ಏನೂ ಕೇಳಿಸಿರಲಿಲ್ಲ. ಹಾಗಾದರೆ ಓಬಳೇಶ ಎಲ್ಲಿಂದ ಕರೆಯುತ್ತಿದ್ದಾನೆ?

ಸಂಜೆ ಅವಳು ನೇರ ನಸೀಮಾ ಬಾನು ಅವರ ಹತ್ತಿರ ಹೋದಳು. ಕಾರ್ಡು ನಡೆಯುವುದಿಲ್ಲ ಎಂದು ಮೊದಲೇ ಹೇಳಿದಳು.

"ಕಾರ್ಡಿನ ಮಾತು ಆಮೇಲೆ. ಕೂತ್ಕೊಳ್ಳಿ" ಎಂದರು ಅವರು. "ನಾನೂ ಅಲೆಗಳನ್ನ ನೋಡಿದೆ. ಇಪ್ಪತ್ತು ವರ್ಷದಲ್ಲಿ ಹೀಗೆ ಕಂಡಿರಲಿಲ್ಲ. ಪ್ರತಿ ಸಲವೂ ಬಾಗಿಲು ತಟ್ಟಿದೆ. ನಿಮ್ಮ ಕಿವಿಯೊಳಗೆ ಅಥವಾ ಸುತ್ತ ಏನಾದ್ರೂ ಹಾಕಿದಾರಾ?"

ಅನಸೂಯ ಬಲಗಿವಿಯ ಹಿಂದೆ ಕೈಯಿಟ್ಟಳು. ಅಲ್ಲಿ ಚರ್ಮದಡಿ ಅವರೆಕಾಳಿಗಿಂತ ಚಿಕ್ಕದೊಂದು ಮಣಿ ಇತ್ತು. ಕಂಟ್ರೋಲ್ ರೂಮಿನವರಿಗೆಲ್ಲ ಕಂಪನಿ ಕೂರಿಸಿದ್ದು. ಮೇಲಿರುವ ಆಳುಗಳ ಮಾತನ್ನು ಅದು ಮೂಳೆಯ ಮೂಲಕ ಕಿವಿಗೆ ಮುಟ್ಟಿಸುತ್ತಿತ್ತು. "ಡ್ಯೂಟಿ ಮುಗಿದ ಮೇಲೆ ಇದು ಆಫ್ ಆಗ್ತೈತೆ ಮೇಡಂ. ಕಂಪನಿಯೋರು ನೋಡಿ ಸರಿಯಾಗೈತೆ ಅಂದ್ರು."

"ಯಾವ ಕರೆಗೂ ಆನ್ ಆಗಲ್ವಾ?"

"ಇಲ್ಲ. ಅಂದ್ರೆ..." ಅವಳ ಮಾತು ಅಲ್ಲಿಗೇ ನಿಂತಿತು. "ಕೆಂಪು ಗುಂಡಿ ಒತ್ತಿದ್ರೆ ಆಗ್ತೈತೆ. ತುರ್ತು ಕರೆ ಮಲಗಿದ್ರೂ ಎಬ್ಬಿಸ್ತೈತೆ."

ಆಮೇಲೆ ಇಬ್ಬರೂ ಕೂತು ಅದನ್ನು ಬಿಡಿಸಿದರು. ಪ್ರತಿ ಗಾಳಿಯಂತ್ರದ ಕಂಬದಲ್ಲೂ ಕರೆಗಳನ್ನು ದಾಟಿಸುವ ಪೆಟ್ಟಿಗೆ ಇರುತ್ತಿತ್ತು. ಗಾಳಿಗೆ ಸಂಪರ್ಕ ಕಡಿದರೆ ಅದು ಕರೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಕಳಿಸುತ್ತಿತ್ತು, ಕರೆ ಯಾರಿಗೆ ಮುಟ್ಟಬೇಕೋ ಅವರು 'ಕೇಳಿಸಿತು' ಎಂದು ಬಾಯಿಬಿಟ್ಟು ಹೇಳುವ ತನಕ. ಓಬಳೇಶ ಅವತ್ತು ಕೆಂಪು ಗುಂಡಿ ಒತ್ತಿ ಅವಳನ್ನು ಕರೆದಿದ್ದ. ಕರೆ ಕಂಬದಲ್ಲೇ ಸಿಕ್ಕಿಕೊಂಡಿತ್ತು. ಅದಾದ ಮೇಲೆ ಯಂತ್ರವನ್ನೇ ಮುಚ್ಚಿದರು. ಮತ್ತೆ ಚಾಲೂ ಆದಂದಿನಿಂದ, ಗಾಳಿ ಎದ್ದು ರೆಕ್ಕೆ ತಿರುಗಿ ಪೆಟ್ಟಿಗೆಗೆ ಕಸುವು ಬಂದಾಗೆಲ್ಲ, ಅದು ಉಳಿದ ಕಂಬಗಳನ್ನು ದಾಟಿ ಊರಿನ ತನಕ ಅವಳನ್ನು ಹುಡುಕಿಕೊಂಡು ಬರುತ್ತಿತ್ತು. ಅವಳು ಹಲ್ಲು ಕಚ್ಚಿ ಕೂರುತ್ತಿದ್ದಳು. ಅದು ತಿರುಗಿ ಹೋಗುತ್ತಿತ್ತು.

"ಹಂಗಾದ್ರೆ ಅವನು ಕರೆದಿದ್ದ" ಎಂದಳು ಅನಸೂಯ. "ಇಳಿದೆ ಅಂತ ಗುಂಡಿ ಒತ್ತಿದೋನು ಮೇಲೇ ಅದೀನಿ ಅಂತ ಯಾಕೆ ಹೇಳ್ತಾನೆ? ಒತ್ತೇ ಇಲ್ಲ ಅವನು."

"ನೀವು ಈಗ 'ಕೇಳಿಸಿತು' ಅಂದ್ರೆ ಏನಾಗ್ತದೆ?"

"ಮುಟ್ಟಿತು ಅಂತ ಪೆಟ್ಟಿಗೆ ಅದನ್ನ ಅಳಿಸಿಹಾಕ್ತೈತೆ. ಮತ್ತೆ ಬರಲ್ಲ."

ನಸೀಮಾ ಬಾನು ಯೋಚಿಸಿದರು. "ಹಾಗಾದ್ರೆ ಈಗಲೇ ಅನ್ನಬೇಡಿ. ಪೆಟ್ಟಿಗೆ ಕಂಪನಿಯವರ ಕೈಲಿದೆ, ಆದ್ರೆ ಪಟ್ಟಿ ಹಿಡಿದ ಬುಡದ ಅಲೆಯಿಂದ ಮಾತನ್ನ ತಿರುಗಿ ತೆಗೀಬಹುದು. ಮಸುಕಾಗಿರ್ತದೆ, ಆದ್ರೆ ಮಾತು ಮಾತೇ. ಮೊದಲು ಅದನ್ನ ಹಿಡಿದಿಟ್ಕೊಳ್ಳೋಣ."

ಪುಷ್ಪಾವತಿ ಊರಾಚೆಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅನಸೂಯ ಹೋದಾಗ ಅವಳು ಹಂಡೆ ತೊಳೆಯುತ್ತಿದ್ದಳು. ತಲೆಯೆತ್ತಿ ನೋಡಿ ಮತ್ತೆ ತೊಳೆಯತೊಡಗಿದಳು. ಅನಸೂಯ ನಿಂತೇ ಎಲ್ಲವನ್ನೂ ಹೇಳಿದಳು. ಹಂಡೆ ಉಜ್ಜುವ ಸದ್ದು ನಿಧಾನವಾಯಿತು, ನಿಂತಿತು.

"ನನ್ನ ಅಣಕ ಮಾಡಾಕೆ ಬಂದೀಯಾ?"

"ನನ್ನ ಮಗಳಾಣೆ ಇಲ್ಲ."

ಮರುದಿನ ಪುಷ್ಪಾವತಿ ಕ್ಲಿನಿಕ್ಕಿಗೆ ಬಂದಳು. ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಳು. ನಸೀಮಾ ಬಾನು ಗುಂಡಿ ಒತ್ತಿದರು. ನೀರಿನೊಳಗಿಂದ ಮಾತಾಡಿದ ಹಾಗೆ, ಮಸುಕಾಗಿ, ಗರಗರನೆ ದನಿ ಬಂತು. ಮೊದಲ ಸಲ ಅದು ಬರೀ ಸದ್ದಾಗಿತ್ತು. ಎರಡನೇ ಸಲ ಪುಷ್ಪಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬ್ಯಾಡ ಅನ್ನಾದನ್ನ ಹಂಗೇ ಎಳೀತಾನೆ. ಚಾ ಹಾಕ್ಲಾ ಅಂದ್ರೂ ಹಂಗೇ, ಬ್ಯಾ...ಡ." ಆಮೇಲೆ ಅನಸೂಯಳ ಕಡೆ ತಿರುಗಿದಳು. "ಈಗ ನೀನು ಓ ಅಂದ್ರೆ ಇದು ಹೋಗ್ತೈತಾ?"

"ಕಂಬದಲ್ಲಿರೋದು ಹೋಗ್ತೈತೆ. ಇಲ್ಲಿ ಹಿಡಿದಿಟ್ಟಿರೋದು ಇರ್ತೈತೆ."

"ಇದು ಅವನ ನೆರಳು. ಅಲ್ಲಿರಾದು ಅವನು." ಅವಳು ಅನಸೂಯಳ ಮುಂಗೈ ಹಿಡಿದುಕೊಂಡಳು. "ಅನ್ನಬ್ಯಾಡಕ್ಕ. ನಿನ್ನ ಕಾಲಿಗೆ ಬೀಳ್ತೀನಿ. ಸ್ವಲ್ಪ ದಿನ ಇರ್ಲಿ."

ಅನಸೂಯಳಿಗೆ ಇಲ್ಲ ಎನ್ನಲಾಗಲಿಲ್ಲ.

ಆಷಾಢ ಬಂತು. ಬಯಲುಸೀಮೆಯ ಆಷಾಢದ ಗಾಳಿ ಎಂದರೆ ಹೆಂಚು ಹಾರಿಸುವ ಗಾಳಿ. ಗುಡ್ಡದ ಮೇಲಿನ ರೆಕ್ಕೆಗಳು ನಿಲ್ಲದೆ ತಿರುಗಿದವು. ಓಬಳೇಶ ಬೆಳಿಗ್ಗೆ ಕರೆದ, ಮಧ್ಯಾಹ್ನ ಕರೆದ, ಅವಳು ಮಗಳಿಗೆ ಜಡೆ ಹಾಕುವಾಗ ಕರೆದ. ಗಾಳಿ ಜೋರಾದ ದಿನ ಪುಷ್ಪಾವತಿ ಅಡುಗೆ ಮುಗಿಸಿ ಬೇಕರಿಗೆ ಬಂದು ಕೂರುತ್ತಿದ್ದಳು. ಅವಳಿಗೆ ಏನೂ ಕೇಳುತ್ತಿರಲಿಲ್ಲ. ಅನಸೂಯಳ ಮುಖವನ್ನೇ ನೋಡುತ್ತಿದ್ದಳು. ಅನಸೂಯಳ ರೆಪ್ಪೆ ಅದುರಿದ ಕೂಡಲೇ, "ಬಂದ್ನಾ?" ಎನ್ನುತ್ತಿದ್ದಳು. ಬಂದ ಎಂದು ಅನಸೂಯ ತಲೆಯಾಡಿಸುತ್ತಿದ್ದಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು, ಮನೆಗೆ ಬಂದ ನೆಂಟನ ಎದುರು ಕೂತ ಹಾಗೆ.

ಮೊದಮೊದಲು ಅನಸೂಯಳಿಗೆ ಅದರಲ್ಲಿ ಒಂದು ಸಮಾಧಾನವಿತ್ತು. ಬರಬರುತ್ತ ಅವಳು ಸೊರಗಿದಳು. ಊಟ ಸೇರದು, ನಿದ್ದೆ ಹತ್ತದು. ಜಯಣ್ಣ ಒಂದು ದಿನ ಪುಷ್ಪಾವತಿಯ ಎದುರೇ ಹೇಳಿಬಿಟ್ಟ. "ನಿನ್ನ ದುಃಖ ನನಗೂ ಗೊತ್ತೈತೆ ತಾಯಿ. ಆದ್ರೆ ನಿನ್ನ ಗಂಡನ್ನ ಉಳಿಸ್ಕೊಳ್ಳಾಕೆ ನನ್ನ ಹೆಂಡ್ತೀನ ಗುಡಿ ಮಾಡ್ಕಂಡೀಯ. ಗುಡಿ ಬೀಳ್ತೈತೆ ನೋಡು."

ಪುಷ್ಪಾವತಿ ಎದ್ದು ಹೋದಳು. ಎಷ್ಟೋ ದಿನ ಬರಲಿಲ್ಲ.

ಅವಳು ಮತ್ತೆ ಬಂದದ್ದು ಒಂದು ಭಾನುವಾರ, ಹಗಲು ಹೊತ್ತಿನಲ್ಲಿ. ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟಿದ್ದಳು. "ಗುಡ್ಡಕ್ಕೆ ಹೋಗಾನ ಬಾರಕ್ಕ" ಎಂದಳು.

ಜಯಣ್ಣ ಇಬ್ಬರನ್ನೂ ಗಾಡಿಯಲ್ಲಿ ಕರೆದುಕೊಂಡು ಹೋದ. ಕುದುರೆಗುಡ್ಡದ ಮೇಲೆ ನಿಂತರೆ ಸೀರೆಯ ಸೆರಗು ನಿಲ್ಲದು, ಮಾತು ಬಾಯಿಂದ ಬಿದ್ದ ಕೂಡಲೇ ಹಾರಿಹೋಗುತ್ತದೆ. ಓಬಳೇಶ ಹತ್ತಿದ್ದ ಕಂಬದ ಬುಡದಲ್ಲಿ ಅವರು ನಿಂತರು. ತಲೆಯ ಮೇಲೆ ರೆಕ್ಕೆಗಳು ಒಂದರ ಹಿಂದೊಂದು ಗಾಳಿಯನ್ನು ಸೀಳುತ್ತಿದ್ದವು. ನೆರಳುಗಳು ಅವರ ಮೈಮೇಲೆ ಹಾಯ್ದುಹೋಗುತ್ತಿದ್ದವು.

"ನಾನು ಇಷ್ಟು ದಿನ ನಿನ್ನ ಮುಂದೆ ಕೂತಿದ್ನಲ್ಲ," ಎಂದಳು ಪುಷ್ಪಾವತಿ, "ಒಂದು ಸಲನಾದ್ರೂ ನನ್ನ ಹೆಸರು ಹೇಳ್ತಾನೇನೋ ಅಂತ ಕಾದೆ. ಹೇಳಲ್ಲ. ಅವನು ಕರೀತಿರಾದು ನಿನ್ನ. ನೀನು ಕೇಳಿಸ್ತು ಅನ್ನಾತನಕ ಅವನು ಅಲ್ಲೇ ನಿಂತಿರ್ತಾನೆ. ಸತ್ತಿಲ್ಲ, ಬದುಕಿಲ್ಲ, ಬಿಡಬ್ಯಾಡ ಅಂತ ಬೇಡ್ಕಂತ. ಅವನನ್ನ ಅಲ್ಲಿ ನಿಲ್ಸಿರಾದು ಈಗ ನಾನು."

ಗಾಳಿ ಒಮ್ಮೆ ಬೀಸಿ ಬಂತು. ಅನಸೂಯಳ ಕಿವಿಯ ಹಿಂದೆ, ಇದುವರೆಗೆ ಎಂದೂ ಇಲ್ಲದಷ್ಟು ಸ್ಪಷ್ಟವಾಗಿ, ಉಸಿರು ಹಿಡಿದ ದನಿ ಎದ್ದಿತು. *ಅಕ್ಕಾ, ನಾನಿನ್ನೂ ಮೇಲೇ ಅದೀನಿ. ಬಿಡಬ್ಯಾಡ.* ಅದರ ಕೊನೆಯಲ್ಲಿ ಒಂದು ಸಣ್ಣ ಕೆಮ್ಮೂ ಇತ್ತು. ಅಷ್ಟು ತಿಂಗಳು ಅದು ಅವಳಿಗೆ ಕೇಳಿಸಿರಲೇ ಇಲ್ಲ.

"ಕೇಳಿಸ್ತು, ಓಬಳೇಶ" ಎಂದಳು ಅನಸೂಯ. "ಬಿಡಲ್ಲಪ್ಪ. ನೀನು ಇಳಿ. ನಿಧಾನಕ್ಕೆ ಇಳಿ."

ಮಣಿಯಲ್ಲಿ ಟಿಕ್ ಎಂದು ಒಂದು ಸದ್ದಾಯಿತು. ಆಮೇಲೆ ಬರೀ ಗಾಳಿ. ಪುಷ್ಪಾವತಿ ಅವಳ ಮುಖವನ್ನೇ ನೋಡುತ್ತಿದ್ದವಳು ಅಲ್ಲೇ ಕಲ್ಲಿನ ಮೇಲೆ ಕೂತಳು. ಜಯಣ್ಣ ದೂರದಲ್ಲಿ ಗಾಡಿಯ ಹತ್ತಿರ ಈ ಕಡೆ ಬೆನ್ನು ಮಾಡಿ ನಿಂತಿದ್ದ.

ಹಿಡಿದಿಟ್ಟ ದನಿಯನ್ನು ನಸೀಮಾ ಬಾನು ಸರ್ಕಾರಕ್ಕೆ ಒಪ್ಪಿಸಿದರು. ಕಂಪನಿ ಅದು ನಕಲಿ ಎಂದಿತು. ಆದರೆ ಅದನ್ನು ಹೊರಗಿನ ಸದ್ದು ಎಂದು ಮೊದಲು ಹೇಳಿದವರು ವಿಮೆಯವರು. ತಮ್ಮ ತೀರ್ಮಾನವನ್ನು ತಾವೇ ಸುಳ್ಳೆನ್ನಲು ಅವರು ತಯಾರಿರಲಿಲ್ಲ. ಮತ್ತೆ ವಿಚಾರಣೆಯಾಯಿತು. ಓಬಳೇಶನ ಜೊತೆಗಾರ ಮೊದಲು ಇಳಿದು ಗುಂಡಿ ಒತ್ತಿದಾಗ ಕಂಟ್ರೋಲ್ ರೂಮಿನ ಯಂತ್ರ ಇಬ್ಬರನ್ನೂ ಇಳಿದವರೆಂದು ಎಣಿಸಿ ದೀಪ ಹಸಿರು ಮಾಡಿತ್ತೆಂದು ಗೊತ್ತಾಯಿತು. ತಪ್ಪು ಅವನದಲ್ಲ ಎಂದು ಬರೆದು ಕೊಟ್ಟರು. ಬ್ರೇಕು ಬಿಡುವ ಮುಂಚೆ ಬಾಯಿಬಿಟ್ಟು ಕೇಳುವ ಪದ್ಧತಿ ಮತ್ತೆ ಬಂತು. ಅನಸೂಯ ಮಣಿ ತೆಗೆಸಿ, ಕೆಲಸ ಬಿಟ್ಟು, ಬೇಕರಿಯ ಗಲ್ಲಾದಲ್ಲಿ ಕೂತಳು. ವಿಮಾ ಕಾರ್ಡಿನ ಅವಧಿ ಮಾತ್ರ ಇನ್ನೂ ಉಳಿದಿತ್ತು.

ದಸರಾ ಕಳೆದ ಮೇಲೆ, ಎಲೆಯೂ ಅಲುಗದ ಒಂದು ಬೆಳಿಗ್ಗೆ, ಬಿಸ್ಕತ್ತಿನ ಡಬ್ಬಿ ಒರೆಸುತ್ತಿದ್ದಾಗ ಅವಳಿಗೆ ಆ ದನಿ ಮತ್ತೆ ಕೇಳಿಸಿತು.

ನಸೀಮಾ ಬಾನು ಪಟ್ಟಿ ಕಟ್ಟಿದರು. ಈ ಸಲ ಬುಡದಲ್ಲಿ ಅಲೆ ಇರಲಿಲ್ಲ. ಬಾಗಿಲು ಯಾರೂ ತಟ್ಟಿರಲಿಲ್ಲ. ವಿಮೆಯವರಿಂದ ಮಾರನೇ ದಿನವೇ ಫೋನು ಬಂತು: ಒಪ್ಪಿಗೆಯಾಗಿದೆ ಮೇಡಂ, ಎಷ್ಟು ಸಲ ಬೇಕಾದರೂ ಹೋಗಬಹುದು.

ಅವಳು ಅದೇ ಕುರ್ಚಿಯಲ್ಲಿ ಕೂತಳು. ಕಿಟಕಿಯಾಚೆ ಬಂಡೆಗಳ ಮೇಲೆ ಬಿಸಿಲು ಬಿದ್ದಿತ್ತು.

"ಈಗಲೂ ಅದೇ ಮಾತಾ?" ಎಂದು ಕೇಳಿದರು ನಸೀಮಾ ಬಾನು.

"ಇಲ್ಲ ಮೇಡಂ. ಈಗ 'ಇಳಿದೆ ಅಕ್ಕ' ಅಂತಾನೆ."

"ಕೇಳಿ ನಿಮಗೆ ಏನನ್ನಿಸ್ತದೆ?"

"ನಂಬಿಕೆ ಬರಲ್ಲ ಮೇಡಂ" ಎಂದಳು. "ಪ್ರತಿ ಸಲನೂ ತಿರುಗಿ ಕೇಳ್ತೀನಿ. ನಿಜವಾಗ್ಲೂ ಇಳಿದ್ಯೇನಪ್ಪ ಅಂತ."